ಮರಿ ಹೌಂಡ್‌ಗೆ ಜಾಡು ಹಿಡಿಯುವ ಪಾಠ: ನೀವು ಬಾಯಿ ಮುಚ್ಚಿಕೊಂಡರೆ ಅರ್ಧ ಕೆಲಸ ಆಯ್ತು

ಹೌಂಡ್, ಅಂದರೆ ಬೇಟೆನಾಯಿ ಜಾತಿಯ ಮರಿ ತಂದವರು ಮೊದಲು ಕೇಳೋದು ಒಂದೇ ಪ್ರಶ್ನೆ: "ಇದಕ್ಕೆ ಮೂಸೋದನ್ನ ಹೇಗೆ ಕಲಿಸೋದು?" ಕಲಿಸಬೇಕಾಗಿಲ್ಲ. ಎಂಟು ವಾರದ ಮರಿಯನ್ನು ಹುಲ್ಲಿನ ಮೇಲೆ ಇಳಿಸಿ ನೋಡಿ. ಎರಡು ನಿಮಿಷದಲ್ಲಿ ಮೂತಿ ನೆಲಕ್ಕೆ ಅಂಟಿಕೊಂಡಿರುತ್ತದೆ, ನೀವು ಹೆಸರು ಹಿಡಿದು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಮೂಸುವುದು ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಕಲಿಸಬೇಕಾದ್ದು ಬೇರೆ. ನೂರಾರು ವಾಸನೆ ಹರಡಿರುವ ಕಡೆ ಒಂದನ್ನೇ ಆರಿಸಿಕೊಂಡು, ಅಡ್ಡ ಬಂದದ್ದನ್ನೆಲ್ಲ ಬಿಟ್ಟು, ಆ ವಾಸನೆ ಮುಗಿಯುವ ಜಾಗದ ತನಕ ಹೋಗಬೇಕು. ಅಷ್ಟೇ ಪಾಠ. ಆದರೆ ಅದಕ್ಕೆ ಒಂದು ವರ್ಷ ಬೇಕು, ಕೆಲವು ನಾಯಿಗೆ ಎರಡೂ ಆಗುತ್ತದೆ.

ಇನ್ನೊಂದು ಪಾಠ ನಿಮಗೆ: ಹಿಂದೆ ಸುಮ್ಮನೆ ನಡೆಯುವುದು. ಇದು ನನ್ನ ತಲೆಗೆ ಹತ್ತುವುದಕ್ಕೆ ಒಂದು ನಾಯಿ ಪೂರ್ತಿ ಬೇಕಾಯಿತು. ನನ್ನ ಮೊದಲ ಬೀಗಲ್ ಹೆಣ್ಣುಮರಿ ಜೊತೆ ನಾನು ಜಾಡಿನ ಉದ್ದಕ್ಕೂ ಮಾತಾಡುತ್ತಿದ್ದೆ. "ಹಾಂ, ಅಲ್ಲೇ, ಅಲ್ಲೇ, ಅಯ್ಯೋ ಆ ಕಡೆ ಅಲ್ಲ ಕಣೇ" ಅಂತ. ಆರು ತಿಂಗಳಾದ ಮೇಲೆ ನೋಡಿದರೆ ಪ್ರತಿ ತಿರುವಿನಲ್ಲೂ ನಿಂತು ನನ್ನ ಮುಖ ನೋಡುತ್ತಿದ್ದಳು. ಮೂಗು ಉಪಯೋಗಿಸೋದಕ್ಕಿಂತ ನನ್ನ ಕೈ ನೋಡೋದೇ ಸುಲಭ ಅಂತ ಕಂಡುಕೊಂಡಿದ್ದಳು. ಆ ಚಾಳಿ ಬಿಡಿಸುವುದಕ್ಕೆ, ಚಾಳಿ ಹತ್ತಿಸಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಮೊದಲು ನಿಮ್ಮ ನಾಯಿ ಯಾವ ಜಾತಿಯದ್ದು ಅಂತ ನೋಡಿಕೊಳ್ಳಿ. ಹೌಂಡ್ ಅಂದ ಮಾತ್ರಕ್ಕೆ ಎಲ್ಲವೂ ಮೂಗಿನ ನಾಯಿಗಳಲ್ಲ. ಗ್ರೇಹೌಂಡ್, ಸಲೂಕಿ, ಮುಧೋಳ ಇವೆಲ್ಲ ಕಣ್ಣಿನಿಂದ ಬೇಟೆ ನೋಡಿ ಓಡಿ ಹಿಡಿಯುವ ನಾಯಿಗಳು. ಉದ್ದ ಕಾಲು, ತೆಳ್ಳನೆ ಸೊಂಟ. ಅವೂ ಮೂಸುತ್ತವೆ, ಆದರೆ ದೂರದಲ್ಲಿ ಏನಾದರೂ ಅಲುಗಿದರೆ ತಲೆ ಎತ್ತಿಬಿಡುತ್ತವೆ. ಬೀಗಲ್, ಬ್ಯಾಸೆಟ್, ಬ್ಲಡ್‌ಹೌಂಡ್, ಫಾಕ್ಸ್‌ಹೌಂಡ್, ಕೂನ್‌ಹೌಂಡ್, ಜರ್ಮನಿಯ ಹ್ಯಾನೋವರ್ ಹೌಂಡ್, ಡ್ಯಾಕ್ಸ್‌ಹಂಡ್ ಇವು ಮೂಗಿನ ನಾಯಿಗಳು. ನಾನು ಇಲ್ಲಿ ಹೇಳುವುದು ಈ ಎರಡನೇ ಗುಂಪಿಗೆ. ಬೆರಕೆ ಮರಿಯಾದರೂ ಚಿಂತೆಯಿಲ್ಲ, ಅದು ನಡೆಯುವಾಗ ತಲೆ ಎಲ್ಲಿ ಇಟ್ಟುಕೊಳ್ಳುತ್ತದೆ ಅಂತ ಒಂದು ವಾರ ಗಮನಿಸಿದರೆ ಗೊತ್ತಾಗುತ್ತದೆ.

ಇನ್ನೊಂದು. ನೀವಿರುವ ಕಡೆ ಕಾನೂನು ಬೇಟೆಗೆ ಬಿಡುತ್ತದೋ ಇಲ್ಲವೋ ತಿಳಿದುಕೊಂಡೇ ಕಾಡಿಗೆ ಕಾಲಿಡಿ. ಬಿಡದ ಕಡೆ ನೀವೇ ಎಳೆದ ಜಾಡಿನಲ್ಲೇ, ಅಂದರೆ ಪ್ರಾಣಿಯ ತೊಗಲಿನ ತುಂಡನ್ನು ನೆಲದ ಮೇಲೆ ಎಳೆದು ಮಾಡಿದ ಜಾಡಿನಲ್ಲೇ, ನಾಯಿಗೆ ಪೂರ್ತಿ ಕೆಲಸ ಕೊಡಬಹುದು. ನಾಯಿಗೇನೂ ಬೇಜಾರಿಲ್ಲ, ಜಾಡು ಮುಗಿದ ಕಡೆ ಏನೋ ಒಂದು ಸಿಕ್ಕರೆ ಅದಕ್ಕೆ ಸಾಕು.

ಮೂಗಿನ ಬಗ್ಗೆ ಸ್ವಲ್ಪ, ಗಾಳಿಯ ಬಗ್ಗೆ ಜಾಸ್ತಿ

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷ, ಬ್ಲಡ್‌ಹೌಂಡ್‌ಗೆ 30 ಕೋಟಿಯಷ್ಟು ಅಂತ ಲೆಕ್ಕ ಕೊಡುತ್ತಾರೆ. ಸಂಖ್ಯೆ ಹಾಗಿರಲಿ, ನಮಗೆ ಕೆಲಸಕ್ಕೆ ಬರುವ ವಿಷಯ ಬೇರೆ. ಜಾಡು ಹಿಡಿದ ನಾಯಿ ಒಂದು ಸೆಕೆಂಡಿಗೆ ಸುಮಾರು ಐದು ಸಲ ಮೂಸುತ್ತದೆ. ಬಿಟ್ಟ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಆಚೆ ಹೋಗುತ್ತದೆ, ಹಾಗಾಗಿ ಮುಂದಿರುವ ವಾಸನೆ ಚದುರುವುದಿಲ್ಲ. ಇದೆಲ್ಲ ನಡೆಯುವುದು ಬಾಯಿ ಮುಚ್ಚಿದ್ದಾಗ. ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿರುವ ನಾಯಿ ಹಾಗೆ ಮೂಸಲಾರದು. ಅಂದರೆ ಸೆಕೆಯಲ್ಲಿ, ಓಡಿಸಿ ಸುಸ್ತಾದ ಮೇಲೆ, ಆಟವಾಡಿ ಹುಚ್ಚೆದ್ದ ಮೇಲೆ ಪಾಠ ಇಟ್ಟುಕೊಂಡರೆ ಮರಿ "ದಡ್ಡ" ಅನಿಸುತ್ತದೆ. ಅದು ದಡ್ಡ ಅಲ್ಲ, ಅದಕ್ಕೆ ಉಸಿರೇ ಸಿಗುತ್ತಿಲ್ಲ.

ಜಾಡು ಅಂದರೆ ಬರೀ ಪ್ರಾಣಿಯ ಮೈವಾಸನೆ ಅಲ್ಲ. ಉದುರಿದ ಚರ್ಮದ ಹೊಟ್ಟು, ಗೊರಸಿನ ಎಣ್ಣೆಯಂಥ ಜಿಡ್ಡು, ತುಳಿದು ನಜ್ಜಾದ ಹುಲ್ಲು, ಕೆದರಿದ ಮಣ್ಣು ಎಲ್ಲ ಸೇರಿ ಒಂದು ಜಾಡು. ಈ ಕಲಸಿದ ವಾಸನೆ ತಂಪಾದ, ಸ್ವಲ್ಪ ಒದ್ದೆಯಾದ ನೆಲದ ಮೇಲೆ ಚೆನ್ನಾಗಿ ಉಳಿಯುತ್ತದೆ. ಬೆಳಗಿನ ಇಬ್ಬನಿ ಹೊತ್ತು ಒಳ್ಳೇದು, ಸಂಜೆ ಬಿಸಿಲು ಇಳಿದ ಮೇಲೂ ಪರವಾಗಿಲ್ಲ. ಸಣ್ಣ ತುಂತುರು ಮಳೆ ಹಳೇ ಜಾಡನ್ನೂ ಎಬ್ಬಿಸುತ್ತದೆ, ಜೋರು ಮಳೆ ತೊಳೆದುಕೊಂಡು ಹೋಗುತ್ತದೆ. ಒಣ ಬಿಸಿಲು, ಬಿರುಗಾಳಿ, ಡಾಂಬರು, ಕಲ್ಲು ಇವು ನಾಲ್ಕೂ ಮರಿಗೆ ಶತ್ರು. ಮೊದಲ ಎರಡು ಮೂರು ತಿಂಗಳು ಈ ನಾಲ್ಕರ ಹತ್ತಿರ ಸುಳಿಯಬೇಡಿ.

ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನೋದು ಹೊಸಬರು ನೋಡುವುದೇ ಇಲ್ಲ, ಅಲ್ವಾ? ಎದುರು ಗಾಳಿಯಲ್ಲಿ ಜಾಡು ಎಳೆದರೆ, ಕೊನೆಯಲ್ಲಿಟ್ಟ ತೊಗಲಿನ ವಾಸನೆ ನೇರ ಮರಿಯ ಮೂಗಿಗೇ ಬರುತ್ತದೆ. ಅದು ತಲೆ ಎತ್ತಿಕೊಂಡು ನೆಟ್ಟಗೆ ಅಲ್ಲಿಗೆ ಹೋಗಿ ನಿಲ್ಲುತ್ತದೆ. ನೀವು ಖುಷಿಯಾಗುತ್ತೀರಿ. ಮರಿ ಕಲಿತದ್ದು ಮಾತ್ರ "ನೆಲ ಮೂಸುವ ಅಗತ್ಯ ಇಲ್ಲ" ಅಂತ. ಅದಕ್ಕೇ ಮೊದಮೊದಲು ಗಾಳಿ ಬೆನ್ನಿಗೆ ಬರುವ ಹಾಗೆ ಜಾಡು ಎಳೆಯಿರಿ. ಒಂದು ಚಿಟಿಕೆ ಒಣಮಣ್ಣು ಮೇಲಿಂದ ಬಿಟ್ಟು ನೋಡಿದರೆ ದಿಕ್ಕು ಗೊತ್ತಾಗುತ್ತದೆ.

ಮನೆಯಲ್ಲೇ ಶುರು ಮಾಡುವುದು

ಎಂಟರಿಂದ ಹನ್ನೆರಡು ವಾರದ ಮರಿಗೆ ಪಾಠ ಅನ್ನಬೇಡಿ, ಆಟ ಅನ್ನಿ. ಊಟಕ್ಕೆ ಮುಂಚೆ, ಹಸಿವಿದ್ದಾಗ, ಮಾಂಸದ ಸಣ್ಣ ಚೂರುಗಳನ್ನು ಹುಲ್ಲಿನಲ್ಲಿ ಒಂದೊಂದು ಹೆಜ್ಜೆಗೆ ಒಂದರಂತೆ ಉದುರಿಸಿಕೊಂಡು ಹತ್ತು ಹೆಜ್ಜೆ ಹೋಗಿ, ಕೊನೆಯಲ್ಲಿ ಅದರ ತಟ್ಟೆ ಇಡಿ. ತಟ್ಟೆ ಹುಲ್ಲಿನ ಮರೆಯಲ್ಲಿರಲಿ, ದೂರದಿಂದ ಕಾಣಬಾರದು. ಮರಿಯನ್ನು ಶುರುವಿನಲ್ಲಿ ಬಿಟ್ಟು ನೀವು ಸುಮ್ಮನೆ ನಿಲ್ಲಿ. ನಾಲ್ಕೈದು ದಿನದಲ್ಲಿ ಚೂರುಗಳ ನಡುವಿನ ಅಂತರ ಜಾಸ್ತಿ ಮಾಡಿ. ಮೂರು ಹೆಜ್ಜೆಗೆ ಒಂದು, ಆಮೇಲೆ ಐದು ಹೆಜ್ಜೆಗೆ ಒಂದು. ಚೂರು ಇಲ್ಲದ ಜಾಗದಲ್ಲೂ ನಿಮ್ಮ ಹೆಜ್ಜೆಯ ವಾಸನೆ ಹಿಡಿದು ಮುಂದೆ ಹೋದರೆ ಚೂರು ಸಿಗುತ್ತದೆ ಅಂತ ಅದರ ತಲೆಗೆ ಹೋಗುತ್ತದೆ. ಇದು ಹೋದರೆ ಬುನಾದಿ ಬಿತ್ತು.

ಇದೇ ಹೊತ್ತಿಗೆ ಬೇರೆ ಮೂರು ಕೆಲಸ ನಡೆಯಬೇಕು. ಕರೆದರೆ ಬರುವುದು. ಹಾರ್ನೆಸ್ (ಕುತ್ತಿಗೆಗಲ್ಲದೆ ಎದೆ, ಬೆನ್ನಿಗೆ ಹಾಕುವ ಪಟ್ಟಿ) ಹಾಕಿಸಿಕೊಳ್ಳುವುದು. ಹಗ್ಗ ಕಾಲಿಗೆ ಸಿಕ್ಕಿದರೂ ಗಾಬರಿಯಾಗದೆ ನಿಲ್ಲುವುದು. ಮೂರರಲ್ಲಿ ಮೊದಲನೆಯದು ಹೌಂಡ್‌ಗೆ ಎಂದೂ ಪೂರ್ತಿ ಬರುವುದಿಲ್ಲ, ಅದನ್ನು ಒಪ್ಪಿಕೊಂಡುಬಿಡಿ. ವಾಸನೆ ಹಿಡಿದ ಹೌಂಡ್ ಕಿವುಡಾಗುತ್ತದೆ. ಹಾಗಾಗಿ ಬೇಲಿ ಇಲ್ಲದ ಬಯಲಿನಲ್ಲಿ ಮರಿಯನ್ನು ಹಗ್ಗ ಇಲ್ಲದೆ ಬಿಡಬೇಡಿ. ಲಸಿಕೆಗಳು ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ಕಡೆಗೂ ಒಯ್ಯಬೇಡಿ.

ಸಾಮಾನು ಜಾಸ್ತಿ ಬೇಡ. ಎದೆಗೆ ಒತ್ತದ ಒಂದು ಹಾರ್ನೆಸ್, ಹತ್ತು ಮೀಟರ್ ಉದ್ದದ ಒಂದು ಹಗ್ಗ, ಜಾಡು ಗುರುತಿಗೆ ಬಟ್ಟೆ ಕ್ಲಿಪ್ಪುಗಳು, ರಬ್ಬರ್ ಗ್ಲೌಸ್, ನೀರು. ಹಗ್ಗ ಹೊಳೆಯುವ ಬಣ್ಣದ್ದಾದರೆ ಪೊದೆಯಲ್ಲಿ ಕಾಣುತ್ತದೆ, ಗಂಟು ಇರಬಾರದು, ಗಂಟಿದ್ದರೆ ಪ್ರತಿ ಬೇರಿಗೂ ಸಿಕ್ಕಿಕೊಳ್ಳುತ್ತದೆ. ಡಬ್ಬಿಯೊಳಗೆ ತಾನೇ ಸುತ್ತಿಕೊಳ್ಳುವ ಬೆಲ್ಟ್ ಸಿಗುತ್ತದಲ್ಲ, ಅದು ಬೇಡವೇ ಬೇಡ. ಅದು ಯಾವಾಗಲೂ ಸಣ್ಣದಾಗಿ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ, ಆ ಎಳೆತ ನಿಮ್ಮ ಕೈಯಿಂದ ಬಂದದ್ದೋ ಡಬ್ಬಿಯಿಂದ ಬಂದದ್ದೋ ಮರಿಗೆ ತಿಳಿಯುವುದಿಲ್ಲ.

ಜಾಡಿನ ಹಾರ್ನೆಸ್ ಜಾಡಿಗೆ ಮಾತ್ರ ಇರಲಿ. ವಾಕಿಂಗ್‌ಗೆ ಬೇರೆ ಕಾಲರ್. ಹಾರ್ನೆಸ್ ಮೈಮೇಲೆ ಬಿದ್ದರೆ ಕೆಲಸ ಶುರು, ಬಿಚ್ಚಿದರೆ ಮುಗಿಯಿತು. ಶುರುವಿಗೆ ಒಂದು ಮಾತು ಇಟ್ಟುಕೊಳ್ಳಿ, "ಹುಡುಕು" ಅಂತಲೋ "ಜಾಡು" ಅಂತಲೋ. ಅದನ್ನು ಒಂದು ಸಲ ಹೇಳಿ, ಅಷ್ಟೇ. ಹತ್ತು ಸಲ ಹೇಳಿದರೆ ಆ ಮಾತಿಗೆ ಬೆಲೆ ಇರುವುದಿಲ್ಲ.

ಜಾಡು ಎಳೆಯುವ ರೀತಿ

ಮೂರು ನಾಲ್ಕು ತಿಂಗಳಾದ ಮೇಲೆ ನಿಜವಾದ ವಾಸನೆಗೆ ಬನ್ನಿ. ಮುಂದೆ ಯಾವ ಪ್ರಾಣಿಯ ಜಾಡು ಹಿಡಿಸಬೇಕೋ ಅದರದ್ದೇ ತೊಗಲಿನ ತುಂಡು ಅಥವಾ ಗೊರಸು ಬೇಕು. ಇವತ್ತು ಮೊಲ, ನಾಳೆ ಜಿಂಕೆ, ನಾಡಿದ್ದು ಇನ್ನೊಂದು ಅಂತ ಬದಲಿಸಬೇಡಿ. ತೊಗಲನ್ನು ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಬಹಳ ದಿನ ಬರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ.

ಗ್ಲೌಸ್ ಹಾಕಿಕೊಂಡು ತೊಗಲನ್ನು ಒಂದು ದಾರಕ್ಕೆ ಕಟ್ಟಿ, ದಾರವನ್ನು ಉದ್ದ ಕೋಲಿನ ತುದಿಗೆ ಕಟ್ಟಿ. ಕೋಲನ್ನು ಪಕ್ಕಕ್ಕೆ ಚಾಚಿ ಹಿಡಿದು ನಡೆದರೆ ತೊಗಲಿನ ಜಾಡು ನಿಮ್ಮ ಹೆಜ್ಜೆಯ ಜಾಡಿನಿಂದ ಒಂದೂವರೆ ಎರಡು ಮೀಟರ್ ದೂರದಲ್ಲಿ ಬೀಳುತ್ತದೆ. ಇದು ಮುಖ್ಯ. ಕೋಲಿಲ್ಲದೆ ಹಿಂದೆ ಎಳೆದುಕೊಂಡು ಹೋದರೆ ಮರಿ ಕಲಿಯುವುದು ನಿಮ್ಮ ಬೂಟಿನ ವಾಸನೆ ಹಿಡಿಯುವುದನ್ನು, ಕಾಡಿನಲ್ಲಿ ಪ್ರಾಣಿಗಳು ನಿಮ್ಮ ಬೂಟು ಹಾಕಿಕೊಂಡು ಓಡಾಡುವುದಿಲ್ಲ. ಇನ್ನೊಬ್ಬರ ಕೈಯಲ್ಲಿ ಎಳೆಸಲು ಆದರೆ ಇನ್ನೂ ಒಳ್ಳೇದು.

ಶುರುವಿನ ಜಾಗದಲ್ಲಿ ತೊಗಲನ್ನು ಒಂದು ಅಡಿ ಅಗಲಕ್ಕೆ ಚೆನ್ನಾಗಿ ಉಜ್ಜಿ. ಅಲ್ಲಿಂದ ಇಪ್ಪತ್ತು ಮೂವತ್ತು ಮೀಟರ್ ನೇರ. ಕೊನೆಯಲ್ಲಿ ತೊಗಲನ್ನು ಬಿಟ್ಟು, ಪಕ್ಕದಲ್ಲಿ ಮರಿಗೆ ತುಂಬ ಇಷ್ಟವಾದ ತಿಂಡಿ ಇಡಿ. ವಾಪಸ್ ಬರುವಾಗ ಅದೇ ದಾರಿಯಲ್ಲಿ ಬರಬೇಡಿ, ದೊಡ್ಡದಾಗಿ ಸುತ್ತು ಹಾಕಿ ಬನ್ನಿ. ದಾರಿಯಲ್ಲಿ ಕ್ಲಿಪ್ಪುಗಳನ್ನು ಎದೆ ಎತ್ತರಕ್ಕೆ ಸಿಕ್ಕಿಸಿಕೊಂಡು ಹೋಗಿ. ನೆಲದ ಹತ್ತಿರ ಗುರುತು ಇಟ್ಟರೆ ಜಾಣ ಮರಿ ನಾಲ್ಕೇ ದಿನದಲ್ಲಿ ಗುರುತಿನಿಂದ ಗುರುತಿಗೆ ಓಡಲು ಶುರು ಮಾಡುತ್ತದೆ. ನಾನು ನೋಡಿದ್ದೇನೆ, ನಗು ಬರುತ್ತದೆ. ಜಾಡು ಮುಗಿದ ಮೇಲೆ ಕ್ಲಿಪ್ಪುಗಳನ್ನೆಲ್ಲ ಬಿಚ್ಚಿಕೊಂಡು ಬನ್ನಿ, ಇಲ್ಲದಿದ್ದರೆ ಮುಂದಿನ ವಾರ ಯಾವುದು ಹೊಸದು ಯಾವುದು ಹಳೇದು ಅಂತ ನಿಮಗೇ ಗೊಂದಲ.

ಒಂದು ಜಾಗದಲ್ಲಿ ಜಾಡು ಎಳೆದರೆ ಎರಡು ಮೂರು ದಿನ ಅದೇ ಜಾಗ ಮುಟ್ಟಬೇಡಿ. ವಾರಕ್ಕೆ ಎರಡು ಜಾಡು ಸಾಕು, ಹೆಚ್ಚೆಂದರೆ ಮೂರು. ದಿನಾ ಮಾಡಿದರೆ ಬೇಗ ಕಲಿಯುತ್ತದೆ ಅಂತ ಅನಿಸುತ್ತದೆ, ಆದರೆ ಮರಿಗೆ ಬೇಸರ ಬಂದರೆ ಮುಗಿಯಿತು. ಇನ್ನೂ ಮಾಡಬೇಕು ಅನ್ನಿಸುವಾಗಲೇ ಹಾರ್ನೆಸ್ ಬಿಚ್ಚಿ.

ರಕ್ತದ ಜಾಡು ಅಂದರೆ ಗಾಯಗೊಂಡು ಓಡಿದ ಪ್ರಾಣಿಯನ್ನು ಹುಡುಕುವ ಕೆಲಸ. ಅದಕ್ಕೂ ಕ್ರಮ ಇದೇ, ತೊಗಲಿನ ಬದಲು ಬಾಟಲಿಯಿಂದ ಹನಿ ಹಾಕುವುದು ಅಥವಾ ಸ್ಪಂಜನ್ನು ಕೋಲಿನ ತುದಿಗೆ ಕಟ್ಟಿ ತಟ್ಟುತ್ತಾ ಹೋಗುವುದು. ಎಲ್ಲರೂ ಮಾಡುವ ತಪ್ಪು, ರಕ್ತ ಸುರಿಯುವುದು. ಜರ್ಮನಿಯ ಪರೀಕ್ಷೆಗಳಲ್ಲಿ ಒಂದು ಸಾವಿರ ಮೀಟರ್ ಜಾಡಿಗೆ ಕೊಡುವುದು ಕಾಲು ಲೀಟರ್ ರಕ್ತ, ಅದೂ ಕನಿಷ್ಠ 20 ಗಂಟೆ ಹಳೆಯದಾದ ಮೇಲೆ ನಾಯಿಯನ್ನು ಬಿಡುತ್ತಾರೆ. ಅಂದರೆ ಅಷ್ಟು ಕಡಿಮೆ ಸಾಕು. ಜಾಸ್ತಿ ರಕ್ತಕ್ಕೆ ಒಗ್ಗಿದ ನಾಯಿ, ಹನಿ ನಿಂತ ಕಡೆ ತಾನೂ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಗೊರಸಿನ ವಾಸನೆಯಲ್ಲೇ ಹೋಗಬೇಕಾಗಿರುತ್ತದೆ. ಇದಕ್ಕೆ ಅಂತಲೇ ಅಡಿಭಾಗಕ್ಕೆ ಗೊರಸು ಕಟ್ಟುವ ಬೂಟುಗಳಿವೆ, ಆದರೆ ಮೊದಲ ವರ್ಷಕ್ಕೆ ಕೋಲು ಸಾಕು.

ಹಗ್ಗದ ಈ ತುದಿಯಲ್ಲಿ

ಜಾಡು ಎಳೆದು ಹದಿನೈದು ನಿಮಿಷ ಬಿಟ್ಟು ಮರಿಯನ್ನು ತನ್ನಿ. ಶುರುವಿನ ಜಾಗಕ್ಕೆ ಹತ್ತು ಹೆಜ್ಜೆ ಮುಂಚೆ ನಿಲ್ಲಿಸಿ, ಹಾರ್ನೆಸ್ ಹಾಕಿ, ಒಂದು ನಿಮಿಷ ಹಾಗೇ ನಿಲ್ಲಿ. ಉಸಿರು ಹದಕ್ಕೆ ಬರಲಿ. ಆಮೇಲೆ ಉಜ್ಜಿದ ಜಾಗಕ್ಕೆ ನಿಧಾನ ಕರೆದೊಯ್ಯಿರಿ. ಮೂತಿ ಹಿಡಿದು ನೆಲಕ್ಕೆ ಒತ್ತಬೇಡಿ. ಕಾಯಿರಿ. ತಾನಾಗೇ ಬಗ್ಗಿ ಮೂಸಿದಾಗ ನಿಮ್ಮ ಮಾತು ಹೇಳಿ, ಹಗ್ಗ ಬಿಡಿ.

ಈಗ ಮರಿ ಹೊರಡುತ್ತದೆ. ನಾಲ್ಕೈದು ಮೀಟರ್ ಹಗ್ಗ ಬಿಟ್ಟುಕೊಂಡು ಹಿಂದೆ ನಡೆಯಿರಿ. ಹಗ್ಗ ಸ್ವಲ್ಪ ಬಿಗಿಯಿರಲಿ, ಮರಿಗೆ ನೀವು ಹಿಂದೆ ಇದ್ದೀರಿ ಅನ್ನೋದು ಗೊತ್ತಾಗುವಷ್ಟು. ಅದು ಓಡಲು ನೋಡಿದರೆ ಹಗ್ಗದಲ್ಲೇ ವೇಗ ತಗ್ಗಿಸಿ, ಜೋರಾಗಿ ಜಗ್ಗಬೇಡಿ. ವೇಗ ಜಾಸ್ತಿಯಾದರೆ ತಿರುವುಗಳು ತಪ್ಪುತ್ತವೆ. ಒಂದು ಸಲ ಜಗ್ಗಿದರೆ, ತಾನು ಹಿಡಿದ ವಾಸನೆಯೇ ತಪ್ಪು ಅಂತ ಅದು ಅಂದುಕೊಳ್ಳುತ್ತದೆ.

ಸರಿಯಾದ ಜಾಡಿನಲ್ಲಿರುವ ನಾಯಿ ಹೇಗಿರುತ್ತದೆ ಅಂತ ನೀವು ಓದಲು ಕಲಿಯಬೇಕು, ಇದು ಪ್ರತಿ ನಾಯಿಗೂ ಬೇರೆ. ಕೆಲವಕ್ಕೆ ಬಾಲ ಒಂದೇ ತಾಳದಲ್ಲಿ ಆಡುತ್ತದೆ, ಜಾಡು ತಪ್ಪಿದ ಕೂಡಲೇ ನಿಲ್ಲುತ್ತದೆ ಇಲ್ಲವೇ ಹುಚ್ಚಾಪಟ್ಟೆ ಬೀಸುತ್ತದೆ. ಕೆಲವಕ್ಕೆ ಕಿವಿ ಮುಂದಕ್ಕೆ ಬರುತ್ತದೆ. ಮೂಗಿನ ಸದ್ದು ಕೇಳಿಸಿಕೊಳ್ಳಿ. ಜಾಡಿನ ಮೇಲೆ "ಫುಸ್ ಫುಸ್ ಫುಸ್" ಅಂತ ಒಂದೇ ಸಮನೆ, ತಪ್ಪಿದರೆ ಒಂದು ದೊಡ್ಡ ಉಸಿರು ಬಿಟ್ಟು ತಲೆ ಎತ್ತುತ್ತದೆ. ಆ ತಲೆ ಎತ್ತಿದ ಗಳಿಗೆ ನೆನಪಿಟ್ಟುಕೊಳ್ಳಿ, ಜಾಡು ತಪ್ಪಿದ್ದು ಅಲ್ಲೇ ಎಲ್ಲೋ ಹತ್ತಿರದಲ್ಲಿ. ಇದನ್ನು ಓದುವ ಅಭ್ಯಾಸ ಮಾಡಿಕೊಳ್ಳಲು ಗುರುತು ಹಾಕಿದ ಜಾಡೇ ಬೇಕು, ಯಾಕೆಂದರೆ ಸರಿ ಯಾವಾಗ ತಪ್ಪು ಯಾವಾಗ ಅಂತ ನಿಮಗೆ ಗೊತ್ತಿರಬೇಕಲ್ಲ.

ಗುರುತೂ ಕೆಲವು ಸಲ ಮೋಸ ಮಾಡುತ್ತದೆ. ಒಮ್ಮೆ ನನ್ನ ಎರಡನೇ ನಾಯಿ ಗುರುತಿನ ಸಾಲಿಗೆ ಆರೇಳು ಮೀಟರ್ ಪಕ್ಕದಲ್ಲಿ, ಹಳ್ಳದ ಅಂಚಿನಲ್ಲಿ ಹೋಗುತ್ತಿತ್ತು. ನಾನು ಹಗ್ಗ ಹಿಡಿದು ಗುರುತಿನ ಕಡೆ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಬಂದಿತು, ಆದರೆ ಮೂಸುವುದನ್ನೇ ಬಿಟ್ಟಿತು. ಆಮೇಲೆ ಹೊಳೆಯಿತು, ಗಾಳಿ ಪಕ್ಕದಿಂದ ಬೀಸಿ ವಾಸನೆಯೆಲ್ಲ ಹಳ್ಳದ ಕಡೆ ಜಾರಿತ್ತು. ಅದು ಸರಿಯಾಗೇ ಇತ್ತು, ನಾನು ಕ್ಲಿಪ್ಪು ನೋಡಿಕೊಂಡು ಹೋಗುತ್ತಿದ್ದೆ. ಗಾಳಿ ಇದ್ದ ದಿನ ನಾಯಿ ಜಾಡಿನ ಪಕ್ಕದಲ್ಲಿ ಹೋದರೂ ಬಾಲ, ಉಸಿರು ಸರಿಯಿದ್ದರೆ ಬಿಟ್ಟುಬಿಡಿ.

ಮೊದಲ ಹತ್ತು ಜಾಡು ನೇರ. ಆಮೇಲೆ ಒಂದು ಬಾಗು, ಮೆಲ್ಲನೆ. ಅದಾದ ಮೇಲೆ ಲಂಬ ತಿರುವು. ಮರಿ ತಿರುವು ದಾಟಿ ನಾಲ್ಕೈದು ಮೀಟರ್ ಮುಂದೆ ಹೋಗಿಯೇ ಹೋಗುತ್ತದೆ, ಹೋಗಲಿ. ತಲೆ ಎತ್ತಿದ ಕೂಡಲೇ ನೀವು ನಿಂತುಬಿಡಿ, ಮರದ ಹಾಗೆ. ಅದು ಹಗ್ಗದ ಉದ್ದಕ್ಕೆ ನಿಮ್ಮ ಸುತ್ತ ಸುತ್ತು ಹೊಡೆಯುತ್ತದೆ, ಆ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಜಾಡು ಸಿಕ್ಕೇ ಸಿಗುತ್ತದೆ. ಈ ಅರ್ಧ ನಿಮಿಷ ನಿಮಗೆ ಅರ್ಧ ಗಂಟೆ ಅನಿಸುತ್ತದೆ. ಕೈ ತೋರಿಸಬೇಡಿ, ತಿರುವಿನ ಕಡೆ ಮುಖ ಮಾಡಿಯೂ ನಿಲ್ಲಬೇಡಿ, ಮರಿ ನಿಮ್ಮ ಪಾದ ಯಾವ ಕಡೆ ತಿರುಗಿದೆ ಅನ್ನೋದನ್ನೂ ನೋಡುತ್ತದೆ. ಎರಡು ನಿಮಿಷ ಕಳೆದರೂ ಸಿಗಲಿಲ್ಲವೇ? ಆಗ ಹಗ್ಗ ಸುತ್ತಿಕೊಂಡು, ಕೊನೆಯ ಸಲ ಖಚಿತವಾಗಿ ಜಾಡಿನ ಮೇಲಿದ್ದ ಜಾಗಕ್ಕೆ ಹಿಂದೆ ಹೋಗಿ ಮತ್ತೆ ಶುರು ಮಾಡಿ. ಬೈಗುಳ ಇಲ್ಲ, ನಿಟ್ಟುಸಿರೂ ಇಲ್ಲ.

ಕೊನೆ ಮುಟ್ಟಿದಾಗ ಮಾತ್ರ ನಿಮ್ಮ ಬಾಯಿ ಬಿಚ್ಚಿ. ಅಲ್ಲಿ ಎಷ್ಟು ಬೇಕಾದರೂ ಕೊಂಡಾಡಿ, ತಿಂಡಿ ಕೊಡಿ, ತೊಗಲು ಕಚ್ಚಿ ಎಳೆದಾಡಲು ಬಿಡಿ. ಕೈಯಿಂದ ಕಿತ್ತುಕೊಳ್ಳಬೇಡಿ, ತಿಂಡಿ ತೋರಿಸಿ ಬಿಡಿಸಿಕೊಳ್ಳಿ.

ಯಾವಾಗ ಎಷ್ಟು

ಉದ್ದ, ಹಳತು (ಜಾಡು ಎಳೆದು ಎಷ್ಟು ಹೊತ್ತಾಯಿತು ಅನ್ನೋದು), ತಿರುವು ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಕಷ್ಟ ಮಾಡಿ. ನಾನು ಇಟ್ಟುಕೊಂಡಿರುವ ಅಂದಾಜು ಹೀಗೆ: ನಾಲ್ಕು ತಿಂಗಳಿಗೆ ನೂರು ಮೀಟರ್, ಒಂದು ಬಾಗು, ಅರ್ಧ ಗಂಟೆ ಹಳತು. ಆರು ತಿಂಗಳಿಗೆ ಇನ್ನೂರೈವತ್ತು ಮೀಟರ್, ಎರಡು ತಿರುವು, ಎರಡು ಗಂಟೆ. ಒಂಬತ್ತು ತಿಂಗಳಿಗೆ ಐನೂರು ಮೀಟರ್, ನಾಲ್ಕು ಗಂಟೆ. ವರ್ಷ ತುಂಬಿದ ಮೇಲೆ ಒಂದು ರಾತ್ರಿ ಕಳೆದ ಜಾಡು. ಇದು ಪಂಚಾಂಗ ಅಲ್ಲ, ಕೆಲವು ಮರಿಗಳು ಬೇಗ ಬರುತ್ತವೆ, ಬ್ಲಡ್‌ಹೌಂಡ್‌ನಂಥ ದೊಡ್ಡ ಮೈಯ ನಾಯಿಗಳು ನಿಧಾನ. ನಾಲ್ಕರಿಂದ ಆರು ತಿಂಗಳಲ್ಲಿ ಹಲ್ಲು ಬದಲಾಗುವಾಗ ಮರಿಗೆ ಏನೂ ಬೇಡವಾಗಿರುತ್ತದೆ, ಆಗ ಸುಲಭದ್ದು ಕೊಟ್ಟು ಸುಮ್ಮನಿರಿ. ಮೂಳೆ ಬಲಿಯುವುದಕ್ಕೆ ವರ್ಷದಿಂದ ಒಂದೂವರೆ ವರ್ಷ ಬೇಕು, ಅಲ್ಲಿಯ ತನಕ ಎತ್ತರದಿಂದ ಹಾರಿಸುವುದು, ಗಂಟೆಗಟ್ಟಲೆ ಓಡಿಸುವುದು ಬೇಡ. ಜಾಡು ತಪ್ಪುವುದು ಸತತ ಎರಡು ಸಲ ಆದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ನಾಚಿಕೆ ಪಡಬೇಕಾದ್ದೇನಿಲ್ಲ.

ಮರಿಯನ್ನು ಹಳೇ ನಾಯಿ ಜೊತೆ ಬಿಟ್ಟರೆ ತಾನಾಗೇ ಕಲಿಯುತ್ತದೆ ಅನ್ನುವವರು ಬಹಳ. ಸ್ವಲ್ಪ ನಿಜ. ಹುಮ್ಮಸ್ಸು ಬರುತ್ತದೆ, ಕಾಡಿನ ಭಯ ಹೋಗುತ್ತದೆ. ಆದರೆ ಎಷ್ಟೋ ಮರಿಗಳು ಕಲಿಯುವುದು ಹಳೇ ನಾಯಿಯ ಬಾಲ ಹಿಡಿದು ಓಡುವುದನ್ನು, ಜಾಡು ಹಿಡಿಯುವುದನ್ನಲ್ಲ. ಹಳೇ ನಾಯಿ ಒಂದು ದಿನ ಬರದಿದ್ದರೆ ಇವು ಕಣ್ಣು ಬಿಟ್ಟುಕೊಂಡು ನಿಲ್ಲುತ್ತವೆ. ಮೊದಲು ಒಂಟಿಯಾಗಿ ಇಪ್ಪತ್ತು ಮೂವತ್ತು ಜಾಡು ಆಗಲಿ, ಆಮೇಲೆ ಜೊತೆ.

ಕೈಕೊಡುವ ಜಾಗಗಳು

ಹಿಮ್ಮುಖ ಜಾಡು. ನಡುವಿನಲ್ಲಿ ಜಾಡು ಸಿಕ್ಕಿದ ಮರಿ ಪ್ರಾಣಿ ಬಂದ ಕಡೆಗೆ ಓಡುವುದುಂಟು. 1993ರಲ್ಲಿ ನಾರ್ವೆಯ ಸಂಶೋಧಕರು ಪಳಗಿದ ಜಾಡು ನಾಯಿಗಳನ್ನು ಮನುಷ್ಯನ ಹೆಜ್ಜೆ ಜಾಡಿಗೆ ಅಡ್ಡಲಾಗಿ ತಂದು ನೋಡಿದರು. ನಾಯಿಗಳು ಬರೀ ಕೆಲವೇ ಹೆಜ್ಜೆ ಗುರುತು ಮೂಸಿ, ಮೂರರಿಂದ ಐದು ಸೆಕೆಂಡಿನಲ್ಲಿ ಸರಿ ದಿಕ್ಕು ಹಿಡಿದವು. ಹೊಸ ಹೆಜ್ಜೆಯ ವಾಸನೆ ಹಿಂದಿನ ಹೆಜ್ಜೆಗಿಂತ ಕೂದಲೆಳೆಯಷ್ಟು ಜಾಸ್ತಿ ಇರುತ್ತದೆ, ಅದನ್ನು ಅವು ಹಿಡಿಯುತ್ತವೆ. ಆದರೆ ಇದು ಪಳಗಿದ ನಾಯಿಗಳ ಮಾತು. ಮರಿ ಹಿಮ್ಮುಖ ಹೋದರೆ ಹತ್ತು ಮೀಟರ್ ಹೋಗಲು ಬಿಟ್ಟು ನೋಡಿ, ಬಹಳಷ್ಟು ಸಲ ತಾನೇ ತಿರುಗುತ್ತದೆ. ತಿರುಗದಿದ್ದರೆ ಎತ್ತಿಕೊಂಡು ಬಂದು ಮತ್ತೆ ಬಿಡಿ.

ಬೇರೆ ಪ್ರಾಣಿ. ಜಾಡಿನ ನಡುವೆ ಎದ್ದು ಓಡಿದ ಮೊಲದ ಹಿಂದೆ ಒಂದೇ ಒಂದು ಸಲ ಓಡಿ ಮಜಾ ಕಂಡ ನಾಯಿಗೆ ಆ ರುಚಿ ಬಿಡಿಸುವುದು ತುಂಬ ಕಷ್ಟ. ಹಗ್ಗ ಇರುವುದು ಇದಕ್ಕೇ. ಮರಿ ಅಡ್ಡ ವಾಸನೆಗೆ ತಿರುಗಿದರೆ ನಿಂತುಬಿಡಿ, ಹಗ್ಗ ಬಿಡಬೇಡಿ, ಮಾತೂ ಬೇಡ. ಆ ಕಡೆ ಹೋಗಲು ಆಗುವುದೇ ಇಲ್ಲ, ಹಳೇ ಜಾಡಿಗೆ ಬಂದರೆ ಮಾತ್ರ ಮುಂದೆ ಸಾಗುತ್ತದೆ ಅನ್ನೋದು ನಿಧಾನಕ್ಕೆ ತಿಳಿಯುತ್ತದೆ. ಸಾಕುಪ್ರಾಣಿಗಳ ನಡುವೆ ಹಗ್ಗದಲ್ಲಿ ಓಡಾಡಿಸುವುದನ್ನು ಎಳೆ ವಯಸ್ಸಿನಲ್ಲೇ ಮಾಡಿ. ಕುರಿ, ದನ, ಕೋಳಿ ಅದಕ್ಕೆ ಹಳೇ ಪೀಠೋಪಕರಣದ ಹಾಗೆ ಆಗಿಬಿಡಬೇಕು. ಶಾಕ್ ಕೊಡುವ ಕಾಲರ್ ಬಗ್ಗೆ ಕೇಳುತ್ತಾರೆ. ಮರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಅದು ಮೂಸುತ್ತಿರುವ ಗಳಿಗೆಯಲ್ಲೇ ತಪ್ಪಿ ಶಾಕ್ ಬಿದ್ದರೆ ಮೂಸಿದ್ದೇ ತಪ್ಪು ಅಂತ ಕಲಿಯುತ್ತದೆ.

ಸುಮ್ನೆ ಬೊಗಳುವುದು. ಹೌಂಡ್‌ಗಳು ಜಾಡಿನ ಮೇಲೆ ದನಿ ಎತ್ತುತ್ತವೆ, ಎಷ್ಟೋ ಜಾತಿಯಲ್ಲಿ ಬೇಕಾದ್ದೇ ಅದು, ದೂರದಿಂದ ಎಲ್ಲಿದೆ ಅಂತ ತಿಳಿಯುತ್ತದೆ. ಆದರೆ ಮರಿ ಜಾಡಿಲ್ಲದೆಯೂ ಹುರುಪಿಗೆ ಕೂಗುತ್ತದೆ. ಹಾಗೆ ಕೂಗಿದಾಗ ಓಡಿ ಹೋಗಬೇಡಿ, ಹೊಗಳಬೇಡಿ, ಬೈಯಲೂ ಬೇಡಿ. ಜಾಡಿದ್ದಾಗ ಕೂಗಿದರೆ ಮಾತ್ರ ಹಿಂದೆ ಹೋಗಿ.

ಬಂದೂಕಿನ ಸದ್ದಿಗೆ ಆತುರ ಬೇಡ. ಊಟ ಮಾಡುವಾಗ ದೂರದಲ್ಲಿ ತಟ್ಟೆ ಬಡಿಯುವ ಸದ್ದಿನಿಂದ ಶುರು ಮಾಡಿ, ವಾರಗಟ್ಟಲೆ ತೆಗೆದುಕೊಂಡು, ಮೊದಲ ಗುಂಡಿನ ಸದ್ದು ಇನ್ನೂರು ಮುನ್ನೂರು ಮೀಟರ್ ದೂರದಿಂದ ಬರಲಿ, ಆಗ ಮರಿ ಏನೋ ಖುಷಿಯ ಕೆಲಸದಲ್ಲಿರಲಿ. ಕಿವಿ ಪಕ್ಕದಲ್ಲಿ ಹೊಡೆದು "ಧೈರ್ಯ ನೋಡುವ" ಒಬ್ಬರಿಂದ ಒಂದು ಒಳ್ಳೆ ನಾಯಿ ಜೀವಮಾನ ಪೂರ್ತಿ ಹಾಳಾಗಿದ್ದನ್ನು ಕಂಡಿದ್ದೇನೆ.

ಮೈಯ ಕಡೆಗೂ ಗಮನ ಇರಲಿ. ಹೊಟ್ಟೆ ತುಂಬ ತಿನ್ನಿಸಿ ಓಡಿಸಬೇಡಿ, ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಅದು ಪ್ರಾಣಕ್ಕೇ ಬರುತ್ತದೆ. ಜಾಡು ಮುಗಿದ ಮೇಲೆ ಪಾದದ ಮೆತ್ತೆ, ಬೆರಳ ಸಂದು, ಜೋಲು ಕಿವಿಯ ಒಳಗೆ ನೋಡಿ, ಉಣ್ಣಿ, ಮುಳ್ಳು ತೆಗೆಯಿರಿ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, 41 ದಾಟಿದರೆ ಅಪಾಯ. ಏದುಸಿರು ನಿಲ್ಲದಿದ್ದರೆ, ತೂರಾಡಿದರೆ, ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತಾ ವೈದ್ಯರ ಬಳಿ ಓಡಿ.

ಕಾಡುಹಂದಿಯ ವಿಷಯ ಬೇರೆಯಾಗೇ ಹೇಳುತ್ತೇನೆ, ಎಷ್ಟೋ ಅನುಭವಿಗಳಿಗೂ ಗೊತ್ತಿರುವುದಿಲ್ಲ. ಹಂದಿಗಳಲ್ಲಿ ಔಜೆಸ್ಕಿ ಅಂತ ಒಂದು ವೈರಸ್ ಕಾಯಿಲೆ ಇದೆ. ಹಂದಿಯಲ್ಲಿ ಅದು ಹೊರಗೆ ಕಾಣದೆಯೂ ಇರಬಹುದು. ಹಸಿ ಮಾಂಸ, ರಕ್ತದಿಂದ ನಾಯಿಗೆ ಹತ್ತಿದರೆ ವಿಪರೀತ ತುರಿಕೆ ಬಂದು ಒಂದೆರಡು ದಿನದಲ್ಲೇ ಸಾಯುತ್ತದೆ, ಔಷಧಿ ಇಲ್ಲ. ಹಾಗಾಗಿ ಹಂದಿಯ ರಕ್ತದಲ್ಲಿ ಪಾಠ ಮಾಡಬೇಡಿ, ಹಸಿ ಕರುಳು ಬಹುಮಾನ ಅಂತ ಕೊಡಬೇಡಿ.

ಮೊದಲ ನಿಜವಾದ ಜಾಡು

ಯಾವಾಗ ಸಿದ್ಧ ಅಂತ ತಿಳಿಯುವುದು ಹೇಗೆ? ಇನ್ನೊಬ್ಬರು ನಿಮಗೆ ಹೇಳದೆ, ಗುರುತಿಲ್ಲದೆ, ನಾಲ್ಕು ಗಂಟೆ ಮುಂಚೆ ಎಳೆದ ಐನೂರು ಮೀಟರ್ ಜಾಡನ್ನು ನಾಯಿ ಮೂರು ಸಲದಲ್ಲಿ ಮೂರೂ ಸಲ ಮುಟ್ಟಿಸಿದರೆ ಸಿದ್ಧ. ಈ ಗುರುತಿಲ್ಲದ ಜಾಡು ನಿಮಗೂ ಪರೀಕ್ಷೆ, ಆವತ್ತು ನಿಮ್ಮ ಬೆವರು ನೋಡಬೇಕು.

ಮೊದಲ ನಿಜವಾದ ಕೆಲಸಕ್ಕೆ ಸುಲಭದ್ದನ್ನೇ ಆರಿಸಿ. ಬೀಳುವುದನ್ನು ಕಂಡ, ನೂರಿನ್ನೂರು ಮೀಟರ್‌ನಲ್ಲಿ ಇದೆ ಅಂತ ನಿಮಗೆ ಗೊತ್ತಿರುವ ಪ್ರಾಣಿ ಇದ್ದರೆ, ಅದನ್ನು ಎತ್ತಿಕೊಂಡು ಬರುವ ಮುಂಚೆ ನಾಯಿಯ ಕೈಲಿ ಹುಡುಕಿಸಿ. ಗಾಯಗೊಂಡದ್ದಾದರೆ ಒಂದೆರಡು ಗಂಟೆ ಕಾಯಿರಿ, ಬೇಗ ಹಿಂದೆ ಬಿದ್ದರೆ ಅದು ಎದ್ದು ಇನ್ನೂ ದೂರ ಓಡುತ್ತದೆ. ಜನ ಗುಂಪಾಗಿ ಮುಂದೆ ನುಗ್ಗಿ ಜಾಡು ತುಳಿಯಲು ಬಿಡಬೇಡಿ, ಎಲ್ಲರೂ ನಿಮ್ಮ ಹಿಂದೆ ಇರಲಿ. ಹಗ್ಗ ಕೊನೆಯ ತನಕ ಕೈಯಲ್ಲೇ. ಪ್ರಾಣಿ ಸತ್ತಿದೆ ಅಂತ ಖಾತ್ರಿಯಾಗುವ ತನಕ ಮರಿಯನ್ನು ಹತ್ತಿರ ಬಿಡಬೇಡಿ, ಒಂದು ಒದೆತ, ಒಂದು ಕೋರೆ ತಿವಿತ ಸಾಕು. ಖಾತ್ರಿಯಾದ ಮೇಲೆ ಐದು ನಿಮಿಷ ಅದರದ್ದು. ಮೂಸಲಿ, ಕೂದಲು ಕೀಳಲಿ, ಕೂಗಲಿ.

ಮಾರನೇ ದಿನ ಬಿಡುವು. ಅದರ ಮಾರನೇ ದಿನ ಮತ್ತೆ ನೂರು ಮೀಟರ್‌ನ ಸುಲಭದ ಜಾಡು, ಕೊನೆಯಲ್ಲಿ ಅದೇ ಹಳೇ ತೊಗಲು.